ಮಹಶೀರ್ ಮೊಟ್ಟೆ ಇಡುವ ಜಾಗಕ್ಕೆ ಹರಿವಿನ ಮಾದರಿ: ಶಿವನಸಮುದ್ರದಿಂದ ಬಿಳಿಗುಂಡ್ಲುವರೆಗಿನ ಕಾವೇರಿಗೊಂದು ಸಮಗ್ರ ಮಾರ್ಗದರ್ಶಿ

ಮೀನಿಗಾಗಿ ನದಿಯಲ್ಲಿ ಎಷ್ಟು ನೀರು ಇರಬೇಕು ಎಂದು ಕೇಳಿದರೆ ಸಾಮಾನ್ಯವಾಗಿ ಒಂದು ಸಂಖ್ಯೆ ಸಿಗುತ್ತದೆ, ಇಷ್ಟು ಕ್ಯೂಸೆಕ್ ಎಂದು. ಬೆಳೆದ ಮೀನು ಬೇಸಿಗೆ ಕಳೆಯುವುದಕ್ಕೆ ಆ ಸಂಖ್ಯೆ ಸಾಕಾದೀತು. ಮೊಟ್ಟೆಯ ವಿಷಯಕ್ಕೆ ಸಾಲದು. ಮೊಟ್ಟೆ ಇಟ್ಟ ದಿನ ಹರಿವು ಎಷ್ಟೇ ಹದವಾಗಿರಲಿ, ನಾಲ್ಕನೇ ದಿನ ನೀರಿಳಿದು ಅದೇ ಗರಸಿನ ದಿಬ್ಬ ಬಿಸಿಲಿಗೆ ಬಿದ್ದರೆ ಅಲ್ಲಿದ್ದುದೆಲ್ಲ ಹೋಯಿತು. ಹಾಗಾಗಿ ಇಲ್ಲಿ ಕಂಪ್ಯೂಟರಿನಲ್ಲಿ ಕಟ್ಟುವ ಹರಿವಿನ ಮಾದರಿ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಇಂದು ಯಾವ ಜಾಗ ಮೊಟ್ಟೆಗೆ ಯೋಗ್ಯ, ಮತ್ತು ಮರಿ ಈಜಿಕೊಂಡು ಹೋಗುವವರೆಗೆ ಆ ಜಾಗ ಹಾಗೇ ಉಳಿಯುತ್ತದೆಯೇ. ಬಹಳಷ್ಟು ವರದಿಗಳು ಮೊದಲನೆಯದಕ್ಕೇ ನಿಂತುಬಿಡುತ್ತವೆ.

ಉದಾಹರಣೆಗೆ ತೆಗೆದುಕೊಂಡಿರುವುದು ಶಿವನಸಮುದ್ರದ ಜಲಪಾತಗಳ ಕೆಳಗಿನಿಂದ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ, ಸಂಗಮ, ಮೇಕೆದಾಟು ದಾಟಿ ಬಿಳಿಗುಂಡ್ಲುವರೆಗಿನ ಕಾವೇರಿ. ದಂಡೆಯ ಜನ ಬಿಳಿಮೀನು ಎನ್ನುವ ಮಹಶೀರ್‌ನ ನೆಲೆ ಇದು. ಗೂನುಬೆನ್ನಿನ ಮಹಶೀರ್ ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. 2007ರಲ್ಲಿ ಇದೇ ಕೊಳ್ಳದ ಪಾಂಬಾರ್ ಹೊಳೆಯಿಂದ ವಿವರಿಸಲಾದ ಟಾರ್ ರೆಮಾದೇವಿಯೇ ಈ ಮೀನು ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಇದನ್ನು ತೀವ್ರ ಅಪಾಯದಂಚಿನ ಪಟ್ಟಿಗೆ ಸೇರಿಸಿತು. ಇದೇ ನೀರಿನಲ್ಲಿ 1970ರ ದಶಕದಿಂದ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಕೂಡ ಇದೆ. ಈ ಎರಡನ್ನು ಬೆರೆಸಿಬಿಟ್ಟರೆ ಮುಂದಿನ ಎಲ್ಲ ಅಂಕಿಗಳೂ ಕೆಡುತ್ತವೆ.

ಪಾತ್ರದ ತುಣುಕು ಆರಿಸುವುದು

ಇಡೀ ನದಿಗೆ ಸೂಕ್ಷ್ಮ ಮಾದರಿ ಕಟ್ಟಲು ಹೋಗಬೇಡಿ. ಮಡು ಮತ್ತು ತೆಳು ಹರಿವು ಪ್ರತಿ ಐದರಿಂದ ಏಳು ಪಾತ್ರದಗಲಕ್ಕೊಮ್ಮೆ ಮರುಕಳಿಸುವುದು ಗರಸಿನ ನದಿಗಳ ಸ್ವಭಾವ. ಅಂಥ ಎರಡು ಪೂರ್ಣ ಸರಣಿ ಸಿಗುವಷ್ಟು ಉದ್ದ ಬೇಕು. 60 ಮೀಟರ್ ಅಗಲದ ಪಾತ್ರವಾದರೆ ಸುಮಾರು 600ರಿಂದ 850 ಮೀಟರ್. ಇಂಥ ಮೂರು ನಾಲ್ಕು ತುಣುಕು ಸಾಕು. ಒಂದು ಶಿಂಷಾ ಸೇರಿದ ಮೇಲೆ, ಒಂದು ಅರ್ಕಾವತಿ ಸೇರಿದ ಮೇಲೆ ಇರಲಿ. ಜಲಪಾತದ ಮೇಲಿನದನ್ನು ಇದಕ್ಕೆ ಸೇರಿಸಬೇಡಿ. ಮೇಲೇರುವ ಮೀನಿಗೆ ಶಿವನಸಮುದ್ರವೇ ಗೋಡೆ, ಕೆಳಗಿನ ಮೀನಿಗೆ ಮೇಲಿನ ಗರಸು ಸಿಕ್ಕುವುದಿಲ್ಲ.

ಇಲ್ಲಿನ ಕಾವೇರಿ ಒಂದೇ ಪಾತ್ರವಾಗಿ ಹರಿಯುವುದು ಕಡಿಮೆ. ಬಂಡೆಗಳ ನಡುವೆ ಕವಲೊಡೆದು, ನಡುಗಡ್ಡೆಗಳನ್ನು ಬಳಸಿ ಮತ್ತೆ ಕೂಡುತ್ತದೆ. ಮುಂಗಾರಿನ ಹರಿವಿನಲ್ಲಿ ನಡುಪಾತ್ರದ ವೇಗ ಮೊಟ್ಟೆಗೆ ತೀರಾ ಹೆಚ್ಚು. ಯೋಗ್ಯ ಜಾಗಗಳು ಆಗ ಪಕ್ಕದ ಕವಲಿಗೂ ನಡುಗಡ್ಡೆಯ ಅಂಚಿಗೂ ಸರಿಯುತ್ತವೆ. ನೀರಿಳಿದಾಗ ಮೊದಲು ಒಣಗುವುದೂ ಅವೇ. ಆದ್ದರಿಂದ ಬೇಸಿಗೆಯಲ್ಲಿ ಒಣಗಿ ನಿಂತ ಕವಲುಗಳನ್ನು "ನೀರೇ ಇಲ್ಲವಲ್ಲ" ಎಂದು ಅಳತೆಯಿಂದ ಕೈಬಿಟ್ಟರೆ ಮಾದರಿಯ ಜೀವವನ್ನೇ ಕೈಬಿಟ್ಟಂತೆ.

ಬಹುಪಾಲು ಪಾತ್ರ ಕಾವೇರಿ ವನ್ಯಜೀವಿಧಾಮದೊಳಗಿದೆ. ನದಿಗಿಳಿಯಲು, ಡ್ರೋನ್ ಹಾರಿಸಲು, ಲಾಗರ್ (ತಾನಾಗಿ ಅಳೆದು ದಾಖಲಿಸುವ ಉಪಕರಣ) ಹೂಳಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಬೇಕು. ಮೊಸಳೆ, ಆನೆ ಎರಡೂ ಇರುವ ಜಾಗ. ಮೇಲಿನಿಂದ ನೀರು ಬಿಡುವ ಮಾಹಿತಿ ಅಂದಂದಿನ ಬೆಳಿಗ್ಗೆ ಕೈಯಲ್ಲಿಲ್ಲದೆ ಯಾರನ್ನೂ ನೀರಿಗಿಳಿಸಬೇಡಿ.

ತಳದ ಅಳತೆ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೀರು ಕಡಿಮೆ, ತಳ ಹೆಚ್ಚು ಕಾಣುತ್ತದೆ. ಉಪಗ್ರಹದ 30 ಮೀಟರ್ ಎತ್ತರದ ನಕ್ಷೆ ಕೊಳ್ಳದ ಎಲ್ಲೆ ಗುರುತಿಸಲು ಮಾತ್ರ. ತಳಕ್ಕೆ ಅದರಿಂದ ಪ್ರಯೋಜನವಿಲ್ಲ, ನೀರಿನ ಮೇಲ್ಮೈಯನ್ನೇ ನೆಲ ಎಂದು ಬರೆದಿರುತ್ತದೆ.

ಕಾಲಿಟ್ಟು ನಡೆಯಬಹುದಾದಲ್ಲಿ ಆರ್‌ಟಿಕೆ ಜಿಪಿಎಸ್ (ಒಂದೆಡೆ ನಿಲ್ಲಿಸಿದ ಬೇಸ್ ಉಪಕರಣದ ನೆರವಿನಿಂದ ಸೆಂಟಿಮೀಟರ್ ಮಟ್ಟದ ನಿಖರತೆ ಕೊಡುವ ಜಿಪಿಎಸ್) ಬಳಸಿ. ಗರಸಿನ ತೆಳು ಹರಿವಿನಲ್ಲಿ ಒಂದೆರಡು ಚದರ ಮೀಟರಿಗೊಂದು ಬಿಂದು, ಮಡುವಿನಲ್ಲಿ 10ರಿಂದ 20 ಚದರ ಮೀಟರಿಗೊಂದು. ಇಳಿಜಾರು ಮುರಿಯುವಲ್ಲಿ, ಅಂದರೆ ದಂಡೆಯ ಬುಡ, ದಿಬ್ಬದ ನೆತ್ತಿ, ಕವಲಿನ ಬಾಯಿಯಲ್ಲಿ, ಲೆಕ್ಕ ನೋಡದೆ ಹೆಚ್ಚು ಬಿಂದು ತೆಗೆಯಿರಿ. ಕವಲಿನ ಬಾಯಿಯ ಹೊಸ್ತಿಲು 10 ಸೆಂಟಿಮೀಟರ್ ತಪ್ಪಾದರೂ ಆ ಕವಲಿಗೆ ನೀರು ಹೊಕ್ಕುವ ಕ್ಯೂಸೆಕ್ಕೇ ಬದಲಾಗುತ್ತದೆ. ಕಮರಿಯೊಳಗೆ ಮೊಬೈಲ್ ಸಿಗ್ನಲ್ ಸಿಗದು, ಮೊಬೈಲ್ ಮೂಲಕ ಜಿಪಿಎಸ್ ತಿದ್ದುಪಡಿ ಕಳಿಸುವ ಕಾರ್ಸ್ ಜಾಲ ನಂಬಿಕೊಂಡು ಹೋಗದೆ ನಿಮ್ಮದೇ ಬೇಸ್ ಉಪಕರಣ ಒಯ್ಯಿರಿ.

ಮಡುಗಳಿಗೆ ಹರಿಗೋಲು ಮತ್ತು ಶಬ್ದದಿಂದ ಆಳ ಅಳೆಯುವ ಎಕೋಸೌಂಡರ್. ಹರಿಗೋಲು ಸುತ್ತುತ್ತಲೇ ಇರುತ್ತದೆ, ಹೀಗಾಗಿ ಜಿಪಿಎಸ್ ಆಂಟೆನಾ ಸೌಂಡರ್‌ನ ನೆತ್ತಿಯ ಮೇಲೆ ಒಂದೇ ಕೋಲಿನಲ್ಲಿ ಇರಬೇಕು. ಒಂದು ಮೀಟರ್ ಪಕ್ಕಕ್ಕೆ ಕಟ್ಟಿದರೆ ಕಡಿದಾದ ಬಂಡೆಯಂಚಿನಲ್ಲಿ ಅರ್ಧ ಮೀಟರ್ ಆಳದ ತಪ್ಪು ಸುಲಭವಾಗಿ ಬರುತ್ತದೆ. ಒಣ ದಿಬ್ಬಗಳಿಗೆ ಡ್ರೋನ್ ಚಿತ್ರಗಳು ಚೆನ್ನ. ತಿಳಿನೀರಿನೊಳಗಿನ ತಳವೂ ಅದರಲ್ಲಿ ಕಂಡರೆ ಬೆಳಕಿನ ವಕ್ರೀಭವನದಿಂದ ಆಳ ಕಡಿಮೆ ತೋರುತ್ತದೆ, ತೋರಿದ ಆಳವನ್ನು ಸುಮಾರು 1.34ರಿಂದ ಗುಣಿಸಬೇಕು.

ಎತ್ತರದ ಆಧಾರ ಇಲ್ಲಿ ಎಲ್ಲರನ್ನೂ ಸತಾಯಿಸುವ ವಿಷಯ. ಜಿಪಿಎಸ್ ಕೊಡುವ ಎತ್ತರಕ್ಕೂ ಸಮುದ್ರಮಟ್ಟದ ಎತ್ತರಕ್ಕೂ ದಕ್ಷಿಣ ಕರ್ನಾಟಕದಲ್ಲಿ 85–90 ಮೀಟರ್ ಅಂತರವಿದೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಕಾಣದಿರುವುದು ಸಣ್ಣ ತಪ್ಪು. ಎರಡು ದಿನ ಬೇಸ್ ಬೇರೆ ಬೇರೆ ಕಡೆ ಇಟ್ಟು, ನಡುವೆ 15 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಅದು ಮಾದರಿಯಲ್ಲಿ ಒರಟುತನದ (ತಳ ಹರಿವಿಗೆ ಒಡ್ಡುವ ತಡೆಯ) ವೇಷ ಹಾಕಿಕೊಂಡು ಕೂರುತ್ತದೆ. ಪ್ರವಾಹಕ್ಕೆ ಅಲುಗದ ಬಂಡೆಗಳಲ್ಲಿ ಮೂರು ಗುರುತು ಕೊರೆದು, ದಿನಾ ಕೆಲಸ ಶುರುಮಾಡುವ ಮುನ್ನ ಮತ್ತು ಮುಗಿದ ಮೇಲೆ ಅವನ್ನು ಅಳೆಯಿರಿ. ನೀರಿನ ಮಟ್ಟದ ಲಾಗರ್ ಕೂಡ ಇದೇ ಗುರುತುಗಳಿಗೆ ಕಟ್ಟಿರಬೇಕು.

ತಳದ ಕಲ್ಲಿಗೆ ನೂರು ಕಲ್ಲಿನ ಎಣಿಕೆ. ಒಂದೇ ಬಗೆಯ ತಳವಿರುವ ಪ್ರತಿ ತುಂಡಿನಲ್ಲಿ ಅಡ್ಡಾದಿಡ್ಡಿ ನಡೆದು, ಹೆಜ್ಜೆಗೊಮ್ಮೆ ನೋಡದೆ ಬೆರಳಿಳಿಸಿ, ಮೊದಲು ತಾಗಿದ ಕಲ್ಲಿನ ನಡು ಅಕ್ಷವನ್ನು (ಅತಿ ಉದ್ದದ್ದೂ ಅತಿ ಗಿಡ್ಡದ್ದೂ ಅಲ್ಲದ ಅಗಲವನ್ನು) ಅಳೆಯಿರಿ. ನೋಡಿ ಆರಿಸಿದರೆ ಕೈ ದೊಡ್ಡ ಕಲ್ಲಿಗೇ ಹೋಗುತ್ತದೆ. 2 ಮಿಲಿಮೀಟರ್ ಒಳಗೆ ಮರಳು, 2–64 ಗರಸು, 64–256 ಉಂಡೆಗಲ್ಲು, ಅದರ ಮೇಲೆ ಬಂಡೆ ಎಂದು ವಿಂಗಡಿಸಿ. ಜೊತೆಗೆ ಕಲ್ಲಿನ ಸಂದುಗಳಲ್ಲಿ ಎಷ್ಟು ಪಾಲು ಮರಳು–ಹೂಳು ತುಂಬಿದೆ ಎಂಬುದನ್ನೂ ಬರೆಯಿರಿ. ಸಂದು ಮುಚ್ಚಿದ ಗರಸು ನಕ್ಷೆಯಲ್ಲಿ ಗರಸೇ, ಮೊಟ್ಟೆಗೆ ಅಲ್ಲ. ಮರಳುಗಾರಿಕೆ ನಡೆದ ತುಣುಕಾದರೆ ಆ ವರ್ಷದ ಅಳತೆ ಆ ವರ್ಷಕ್ಕೆ ಮಾತ್ರ.

ಹರಿವಿನ ಅಂಕಿ

ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರವಿದೆ, ಮೇಲೆ ಕೊಳ್ಳೇಗಾಲದಲ್ಲಿ ಇನ್ನೊಂದು. ದಿನವಾರು ಅಂಕಿಗಳು ಇಂಡಿಯಾ–ವ್ರಿಸ್ ಜಾಲತಾಣದಲ್ಲಿ ಸಿಗುತ್ತವೆ. ಜಲವರ್ಷ ಜೂನ್ 1ರಿಂದ ಮೇ 31ರವರೆಗೆ ಎಂಬುದನ್ನು ಮರೆಯದಿರಿ, ಕ್ಯಾಲೆಂಡರ್ ವರ್ಷಕ್ಕೆ ಕತ್ತರಿಸಿದರೆ ಸರಾಸರಿಗಳು ಅಡ್ಡದಾರಿ ಹಿಡಿಯುತ್ತವೆ. ಕನಿಷ್ಠ 15–20 ವರ್ಷಗಳ ಸರಣಿ ಇಟ್ಟುಕೊಳ್ಳಿ, ಬರಗಾಲದ ವರ್ಷಗಳನ್ನು ಕಿತ್ತುಹಾಕಬೇಡಿ.

ದಿನದ ಸರಾಸರಿ ಒಂದು ವಿಷಯವನ್ನು ಮುಚ್ಚಿಡುತ್ತದೆ. ವಿದ್ಯುದಾಗಾರ ಸಂಜೆ ಯಂತ್ರ ತಿರುಗಿಸಿ ಬೆಳಗಿನ ಜಾವ ನಿಲ್ಲಿಸಿದರೆ ನೀರಿನ ಮಟ್ಟ ಅರ್ಧ ಮೀಟರ್ ಏರಿಳಿದೀತು, ದಿನದ ಸರಾಸರಿ ಮಾತ್ರ ಸಮತಟ್ಟು. ಶಿವನಸಮುದ್ರದಲ್ಲಿ 1902ರಿಂದಲೂ ವಿದ್ಯುತ್ ತಯಾರಾಗುತ್ತಿದೆ, ಈಚೆಗೆ ಸಣ್ಣ ಜಲವಿದ್ಯುತ್ ಘಟಕಗಳೂ ಸೇರಿವೆ. ಪ್ರತಿ ತುಣುಕಿನಲ್ಲಿ ಒತ್ತಡ ಅಳೆಯುವ ಲಾಗರ್ ಹಾಕಿ, 15 ನಿಮಿಷಕ್ಕೊಮ್ಮೆ ದಾಖಲಿಸಿ. ಗಾಳಿಯ ಒತ್ತಡ ಕಳೆಯಲು ದಂಡೆಯ ಮೇಲೆ ಇನ್ನೊಂದು ಬೇಕು. ಅದಿಲ್ಲದಿದ್ದರೆ ಮಳೆಮೋಡ ಬಂದಾಗೆಲ್ಲ ನದಿ ಕೆಲವು ಸೆಂಟಿಮೀಟರ್ ಏರಿಳಿದಂತೆ ತೋರುತ್ತದೆ.

ಹರಿವಿನ ಪ್ರಮಾಣ ಅಳೆಯಲು ಪಾತ್ರವನ್ನು ಅಡ್ಡಲಾಗಿ ಕನಿಷ್ಠ 20 ಲಂಬ ಪಟ್ಟಿಗಳಾಗಿ ಹಂಚಿ, ಯಾವುದೇ ಒಂದರಲ್ಲಿ ಒಟ್ಟು ಹರಿವಿನ ಹತ್ತನೇ ಒಂದಕ್ಕಿಂತ ಹೆಚ್ಚು ಬರಬಾರದು. ಆಳ 75 ಸೆಂಟಿಮೀಟರ್ ಒಳಗಿದ್ದರೆ ಮೇಲ್ಮೈಯಿಂದ ಆಳದ 0.6 ಭಾಗದಲ್ಲಿ ಒಂದೇ ಅಳತೆ. ಹೆಚ್ಚಿದ್ದರೆ 0.2 ಮತ್ತು 0.8ರ ಸರಾಸರಿ. ಪ್ರತಿ ಬಿಂದುವಿನಲ್ಲಿ 40 ಸೆಕೆಂಡ್ ನಿಲ್ಲಿ. ಆಳವನ್ನು ಮೀಟರಿನಲ್ಲಿ, ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ಗುಣಿಸಿದಾಗ 0.9 ದಾಟಿದರೆ ನೀರಿಗಿಳಿಯುವುದು ಬೇಡ. ಕವಲುಗಳಿರುವಲ್ಲಿ ಪ್ರತಿ ಕವಲನ್ನೂ ಒಂದೇ ದಿನ, ಮಟ್ಟ ಸ್ಥಿರವಾಗಿರುವಾಗ ಅಳೆಯಿರಿ. ಒಟ್ಟು ಹರಿವು ಸರಿ ಬಂದು ಕವಲಿನ ಹಂಚಿಕೆ ತಪ್ಪಿದ ಮಾದರಿ ಮೀನಿನ ಲೆಕ್ಕಕ್ಕೆ ಬರದು.

ನೀರಿನ ಮಾದರಿ

ಮೀನಿನ ನೆಲೆ ಲೆಕ್ಕಹಾಕುವ ಹಳೆಯ ಫ್ಯಾಬ್‌ಸಿಮ್ ಪದ್ಧತಿ ಅಡ್ಡಕೊಯ್ತಗಳ ಮೇಲೆ ನಿಂತದ್ದು. ಒಂದೇ ಪಾತ್ರದ ಸರಳ ನದಿಗೆ ಅದು ಸರಿ. ಇಲ್ಲಿನ ಕವಲುಗಳಿಗೆ ಎರಡು ಆಯಾಮದ ಮಾದರಿಯೇ ಬೇಕು. ಅಮೆರಿಕದ ಸೇನಾ ಎಂಜಿನಿಯರುಗಳ ಎಚ್‌ಇಸಿ–ರಾಸ್ ತಂತ್ರಾಂಶ ಉಚಿತ, ಕಲಿಯಲು ಸಾಮಗ್ರಿ ಸಾಕಷ್ಟಿದೆ. ನಕ್ಷೆಯ ಕೆಲಸಕ್ಕೆ ಕ್ಯೂಜಿಐಎಸ್.

ಮಾದರಿ ಪಾತ್ರವನ್ನು ಸೆಲ್ ಎಂಬ ಸಣ್ಣ ತುಂಡುಗಳ ಜಾಲವಾಗಿ ಹಂಚುತ್ತದೆ. ಈ ಸೆಲ್‌ಗಳು ಗರಸಿನಲ್ಲಿ 1–2 ಮೀಟರ್, ಮಡುವಿನಲ್ಲಿ 3–5 ಮೀಟರ್ ಇರಲಿ. ಅತಿ ಕಡಿಮೆ ಹರಿವಿನಲ್ಲೂ ಕವಲಿನ ಅಗಲಕ್ಕೆ ಹತ್ತು ಸೆಲ್ ಬೀಳಬೇಕು. ದಿಬ್ಬದ ನೆತ್ತಿ, ಕವಲಿನ ಹೊಸ್ತಿಲು, ದೊಡ್ಡ ಬಂಡೆಯ ಅಂಚಿಗೆ ಬ್ರೇಕ್‌ಲೈನ್ (ಸೆಲ್‌ನ ಅಂಚು ಅಲ್ಲೇ ಬೀಳುವಂತೆ ಮಾಡುವ ಗೆರೆ) ಎಳೆಯಿರಿ. ಎಳೆಯದಿದ್ದರೆ ಸೆಲ್ ಆಚೀಚೆ ಎರಡೂ ಕಡೆಯ ತಗ್ಗನ್ನು ಸೇರಿಸಿಕೊಂಡು ನೀರು ದಿಬ್ಬದೊಳಗಿಂದ ಸೋರಿದಂತೆ ತೋರಿಸುತ್ತದೆ. ಮೇಲಿನ ಗಡಿಯಲ್ಲಿ ಹರಿವು, ಕೆಳಗಿನ ಗಡಿಯಲ್ಲಿ ಅಳೆದ ಮಟ್ಟ ಕೊಡಿ. ಎರಡೂ ಗಡಿಗಳು ನಿಮಗೆ ಬೇಕಾದ ತುಣುಕಿನಿಂದ ಒಂದೆರಡು ಪಾತ್ರದಗಲ ಆಚೆಗಿರಲಿ.

ಡಿಫ್ಯೂಷನ್ ವೇವ್ ಎಂಬ ಸರಳಗೊಳಿಸಿದ ಸಮೀಕರಣ ಬೇಗ ಓಡುತ್ತದೆ, ಪ್ರವಾಹದ ನಕ್ಷೆಗೆ ಸಾಕು. ಬಂಡೆಯ ಹಿಂದಿನ ಸುಳಿ, ತಿರುವಿನ ವೇಗ ಮೀನಿಗೆ ಮುಖ್ಯವಾದ್ದರಿಂದ ಇಲ್ಲಿ ಪೂರ್ಣ ಸಮೀಕರಣವನ್ನೇ ಆರಿಸಿ. ಕಾಲದ ಹೆಜ್ಜೆಗೆ ಕೂರಾಂಟ್ ಸಂಖ್ಯೆ (ಒಂದು ಹೆಜ್ಜೆಯಲ್ಲಿ ನೀರು ದಾಟುವ ಸೆಲ್‌ಗಳ ಎಣಿಕೆ) 1ರ ಸುತ್ತ ಇರಬೇಕು. 2 ಮೀಟರ್ ಸೆಲ್, ಸೆಕೆಂಡಿಗೆ 2 ಮೀಟರ್ ವೇಗವಾದರೆ ಹೆಜ್ಜೆ 1 ಸೆಕೆಂಡ್. ಪ್ರತಿ ಹರಿವಿನಲ್ಲೂ ಒಳಬಂದ ನೀರು ಮತ್ತು ಹೊರಹೋದ ನೀರಿನ ಅಂತರ ಶೇಕಡ 1ರೊಳಗೆ ಬರುವವರೆಗೆ ಓಡಿಸಿ.

ಒರಟುತನದ ಮ್ಯಾನಿಂಗ್ ಅಂಕಿ ಆರಂಭಕ್ಕೆ ಗರಸಿಗೆ 0.030–0.045, ಉಂಡೆಗಲ್ಲು–ಬಂಡೆಗೆ 0.045–0.070, ನೀರಂಚಿನ ಪೊದೆಗೆ 0.08–0.12. ಎಷ್ಟು ಹರಿವುಗಳಿಗೆ ಓಡಿಸಬೇಕು? 500 ಕ್ಯೂಸೆಕ್‌ನಿಂದ 50,000 ಕ್ಯೂಸೆಕ್‌ವರೆಗೆ 15 ಹರಿವು, ಪ್ರತಿಯೊಂದೂ ಹಿಂದಿನದರ ಸುಮಾರು 1.4 ಪಟ್ಟು. ಸಮ ಅಂತರದಲ್ಲಿ ಇಟ್ಟರೆ ಕಡಿಮೆ ಹರಿವಿನ ಕಡೆ, ಅಂದರೆ ದಿಬ್ಬಗಳು ಮುಳುಗಿ ಏಳುವಲ್ಲಿ, ಅಂಕಿಯೇ ಇರುವುದಿಲ್ಲ.

ಹೊಂದಿಸುವಾಗ ಎಡವುವ ಜಾಗ

ಕನಿಷ್ಠ ಮೂರು ಹರಿವುಗಳಲ್ಲಿ ಅಳತೆ ಬೇಕು: ಬೇಸಿಗೆಯ ತಳಮಟ್ಟ, ಮುಂಗಾರು ಮುಗಿದ ಮೇಲಿನ ನಡುಮಟ್ಟ, ಮುಂಗಾರಿನ ಎತ್ತರದ ಮಟ್ಟ. ಅಳೆದ ಅತಿ ಕಡಿಮೆ ಹರಿವಿನ 0.4 ಪಟ್ಟಿಗಿಂತ ಕೆಳಗೆ, ಅತಿ ಹೆಚ್ಚಿನದರ 2.5 ಪಟ್ಟಿಗಿಂತ ಮೇಲೆ ಮಾದರಿಯನ್ನು ಎಳೆಯಬೇಡಿ ಎಂಬುದು ಫ್ಯಾಬ್‌ಸಿಮ್ ಕಾಲದ ನಿಯಮ, ಇಂದಿಗೂ ಒಳ್ಳೆಯದು. ಬೇಸಿಗೆಯಲ್ಲಿ ಮಾತ್ರ ಅಳೆದು ಮುಂಗಾರಿನ ಮೊಟ್ಟೆಯ ಬಗ್ಗೆ ತೀರ್ಪು ಕೊಡುವ ವರದಿಗಳು ಈ ಒಂದು ಪರೀಕ್ಷೆಯಲ್ಲೇ ಬೀಳುತ್ತವೆ.

ನೀರಿನ ಮಟ್ಟ 5 ಸೆಂಟಿಮೀಟರ್ ಒಳಗೆ ಹೊಂದಿದರೆ ಎಲ್ಲರೂ ಸಮಾಧಾನಪಡುತ್ತಾರೆ. ವೇಗವನ್ನೂ ನೋಡಿ. ಮಟ್ಟ ಸರಿಯಿದ್ದು ಎಲ್ಲೆಡೆ ವೇಗ ಕಡಿಮೆ ಬರುತ್ತಿದ್ದರೆ ತಳವನ್ನು ಇರುವುದಕ್ಕಿಂತ ಆಳ ಮಾಡಿದ್ದೀರಿ, ಒರಟುತನ ಹೆಚ್ಚಿಸಿ ಆ ತಪ್ಪನ್ನು ಮುಚ್ಚಿದ್ದೀರಿ. ಹರಿವು ಅಷ್ಟೇ, ಆಳ ಹೆಚ್ಚಾದಾಗ ವೇಗ ಇಳಿಯಲೇಬೇಕು. ಗರಸಿಗೆ 0.06 ದಾಟಿಸದೆ ಮಟ್ಟ ಹೊಂದುತ್ತಿಲ್ಲವೆಂದರೆ ಒರಟುತನ ಬಿಟ್ಟು ತಳದ ಅಳತೆಗೆ ಮರಳಿ. ಬಿಂದುವಾರು ವೇಗದಲ್ಲಿ ಸೆಕೆಂಡಿಗೆ 0.10–0.15 ಮೀಟರ್ ಸರಾಸರಿ ತಪ್ಪು ಸಹಜ. ಬಂಡೆಗಳ ಹಿಂದೆ ಇನ್ನೂ ಹೆಚ್ಚಿರುತ್ತದೆ, ಆಳದುದ್ದಕ್ಕೂ ಸರಾಸರಿ ಮಾಡುವ ಮಾದರಿ ಅಲ್ಲಿನ ಆಸರೆಯನ್ನು ತೋರಿಸಲಾರದು. ನೀರು ಹರಡಿದ ಅಗಲವನ್ನು ಸೆಂಟಿನೆಲ್–2 ಉಪಗ್ರಹದ ಚಿತ್ರದೊಂದಿಗೆ ಹೋಲಿಸಿ. ಮುಂಗಾರಿನ ಮೋಡವಿದ್ದಾಗ ರೇಡಾರ್ ಬಳಸುವ ಸೆಂಟಿನೆಲ್–1 ನೆರವಿಗೆ ಬರುತ್ತದೆ.

ಯೋಗ್ಯತೆಯ ವಕ್ರರೇಖೆ

ಆಳ, ವೇಗ, ತಳ ಈ ಮೂರಕ್ಕೂ 0ಯಿಂದ 1ರವರೆಗಿನ ಯೋಗ್ಯತೆಯ ರೇಖೆ ಬೇಕು. ಸಾಲ್ಮನ್ ಅಥವಾ ಟ್ರೌಟ್‌ಗೆಂದು ಮಾಡಿದ ರೇಖೆಯನ್ನು ತಂದು ಅಂಟಿಸುವುದು ದೊಡ್ಡ ತಪ್ಪು. ಅವುಗಳ ಮೊಟ್ಟೆ ತಣ್ಣೀರಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ನೀಲಿ ರೆಕ್ಕೆಯ ಮಹಶೀರ್‌ನ ಮೊಟ್ಟೆ ಹ್ಯಾಚರಿಯಲ್ಲಿ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ, ಮರಿ ಸುಮಾರು ಒಂದು ವಾರ ತಳಕ್ಕಂಟಿ ಮರೆಯಲ್ಲಿರುತ್ತದೆ. ಕಾಲದ ಅಳತೆಯೇ ಬೇರೆ.

ಕಣ್ಣಾರೆ ಕಂಡ ಅಂಕಿಯಿಂದ ರೇಖೆ ಎಳೆಯಲು 150ರಷ್ಟು ವೀಕ್ಷಣೆ ಬೇಕೆಂಬುದು ಹಳೆಯ ಶಿಫಾರಸು. ಮುಂಗಾರಿನ ಕೆಂಪು ನೀರಿನಲ್ಲಿ, ಇಷ್ಟು ಅಪರೂಪದ ಮೀನಿಗೆ, ಅದು ಆಗುವ ಮಾತಲ್ಲ. ಬದಲಿಗೆ ಹರಿಗೋಲು ನಡೆಸುವವರು, ಹಿಂದೆ ಗಾಳ ಹಾಕುವವರ ಜೊತೆ ನಡೆದವರು, ಹ್ಯಾಚರಿಯವರು, ಮೀನು ತಜ್ಞರು ಹೀಗೆ ಎಂಟು ಹತ್ತು ಜನರಿಂದ ಬೇರೆಬೇರೆಯಾಗಿ ರೇಖೆ ಬರೆಸಿ, ಎಲ್ಲರದನ್ನೂ ಹೆಸರಿಲ್ಲದೆ ಎಲ್ಲರಿಗೂ ತೋರಿಸಿ, ಎರಡನೇ ಸುತ್ತು ಬರೆಸಿ. ಒಟ್ಟಿಗೆ ಕೂರಿಸಿದರೆ ದೊಡ್ಡ ದನಿಯವರದೇ ರೇಖೆಯಾಗುತ್ತದೆ. ಸ್ಥಳೀಯರಿಗೆ ಸೆಂಟಿಮೀಟರ್ ಕೇಳಬೇಡಿ. ಮೊಣಕಾಲು, ತೊಡೆ, ಸೊಂಟದಷ್ಟು ಆಳವೇ ಎಂದು ಕೇಳಿ, ಆಮೇಲೆ ಅಳತೆಗೆ ಇಳಿಸಿ.

ಅಭ್ಯಾಸಕ್ಕೆಂದು, ಯಾವ ಜಾತಿಗೂ ಅಂತಿಮವಲ್ಲದ ಒಂದು ಜೋಡಣೆ ಹೀಗಿರಬಹುದು: ಆಳ 0.2 ಮೀಟರ್‌ಗೆ 0, 0.4ರಿಂದ 1.0ರವರೆಗೆ 1, 2.0ಕ್ಕೆ ಮತ್ತೆ 0. ವೇಗ ಸೆಕೆಂಡಿಗೆ 0.1 ಮೀಟರ್‌ಗೆ 0, 0.3ರಿಂದ 0.7ರವರೆಗೆ 1, 1.2ಕ್ಕೆ 0. ತಳದಲ್ಲಿ ಗರಸು 1, ಉಂಡೆಗಲ್ಲು 0.7, ಮರಳು ಮತ್ತು ಹಾಸುಬಂಡೆ 0.

ಮೂರನ್ನೂ ಸೇರಿಸುವ ಬಗೆಯಲ್ಲೇ ಫಲಿತಾಂಶ ಅರ್ಧ ಅಡಗಿದೆ. ಒಂದು ಸೆಲ್‌ನಲ್ಲಿ ಆಳಕ್ಕೆ 0.8, ವೇಗಕ್ಕೆ 0.5, ತಳಕ್ಕೆ 1 ಬಂದಿತೆನ್ನಿ. ಗುಣಿಸಿದರೆ 0.40, ಗುಣೋತ್ತರ ಸರಾಸರಿ (ಆ ಗುಣಲಬ್ಧದ ಘನಮೂಲ) 0.74, ಅತಿ ಕಡಿಮೆಯದನ್ನು ಹಿಡಿದರೆ 0.50. ಯಾವುದನ್ನು ಬಳಸಿದಿರಿ ಎಂದು ಹೇಳದ ವರದಿಯ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲಾಗದು. ಮೊಟ್ಟೆಗೆ ಅತಿ ಕಡಿಮೆಯದನ್ನು ಹಿಡಿಯುವ ಬಗೆ ಹೆಚ್ಚು ನ್ಯಾಯದ್ದು, ಏಕೆಂದರೆ ಒಳ್ಳೆಯ ಗರಸು ಕೆಟ್ಟ ವೇಗವನ್ನು ಸರಿದೂಗಿಸುವುದಿಲ್ಲ.

ಪ್ರತಿ ಸೆಲ್‌ನ ಯೋಗ್ಯತೆಯನ್ನು ಅದರ ವಿಸ್ತೀರ್ಣದಿಂದ ಗುಣಿಸಿ ಕೂಡಿದರೆ ತೂಕ ಹಾಕಿದ ಬಳಕೆಯ ವಿಸ್ತೀರ್ಣ ಬರುತ್ತದೆ. ಈ 1,000 ಚದರ ಮೀಟರ್, 1ರ ಯೋಗ್ಯತೆಯ 1,000 ಚದರ ಮೀಟರೂ ಆಗಬಹುದು, 0.2ರ 5,000 ಚದರ ಮೀಟರೂ ಆಗಬಹುದು. ಎರಡನೆಯದರಲ್ಲಿ ಮೀನು ಮೊಟ್ಟೆಯನ್ನೇ ಇಡದಿರಬಹುದು. ಅದಕ್ಕೆ 0.7ಕ್ಕಿಂತ ಹೆಚ್ಚಿನ ಸೆಲ್‌ಗಳ ವಿಸ್ತೀರ್ಣವನ್ನೂ, ಅವು ಚೂರುಚೂರಾಗಿವೆಯೋ ಒಟ್ಟಾಗಿವೆಯೋ ಎಂಬುದನ್ನೂ ಬೇರೆಯಾಗಿ ಕೊಡಿ. ರೇಖೆಗಳನ್ನು ಎರಡೂ ಕಡೆಗೆ ಶೇಕಡ 20 ಸರಿಸಿ ಮತ್ತೆ ಲೆಕ್ಕ ಹಾಕಿ. ಅತ್ಯುತ್ತಮ ಹರಿವು ಇದರಿಂದ ದುಪ್ಪಟ್ಟು ಸರಿದರೆ ರೇಖೆ ಇನ್ನೂ ಕೆಲಸಕ್ಕೆ ಬಂದಿಲ್ಲ.

ಹನ್ನೆರಡು ದಿನದ ಲೆಕ್ಕ

ಮೊಟ್ಟೆ ಇಟ್ಟ ದಿನದಿಂದ ಮರಿ ಈಜುವವರೆಗೆ 12 ದಿನ ಎಂದು ಹಿಡಿಯೋಣ. ನದಿಯ ತಾಪಮಾನದ ಲಾಗರ್ ಹೇಳಿದಂತೆ ಇದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಒಂದು ಸೆಲ್ ಉಳಿಯಬೇಕಾದರೆ ಮೂರು ಷರತ್ತು: ಮೊದಲ ದಿನ ಅದು ಯೋಗ್ಯವಾಗಿರಬೇಕು, 12 ದಿನದಲ್ಲಿ ಒಮ್ಮೆಯೂ ನೀರು 10 ಸೆಂಟಿಮೀಟರ್‌ಗಿಂತ ತೆಳುವಾಗಬಾರದು, ಒಮ್ಮೆಯೂ ತಳ ಕದಡಬಾರದು.

ಮೊದಲೆರಡಕ್ಕೆ ಈಗಾಗಲೇ ಓಡಿಸಿದ 15 ಹರಿವುಗಳ ನಕ್ಷೆ ಸಾಕು. ಹರಿವು ಇಳಿದಷ್ಟೂ ಆಳ ಇಳಿಯುತ್ತದೆ, ಹೀಗಾಗಿ 12 ದಿನದ ಪ್ರತಿ ಗಂಟೆಯನ್ನೂ ನೋಡಬೇಕಿಲ್ಲ. ಮೊಟ್ಟೆ ಇಟ್ಟ ದಿನದ ಹರಿವು, ಆ ಅವಧಿಯ ಕನಿಷ್ಠ, ಗರಿಷ್ಠ ಈ ಮೂರು ಗೊತ್ತಿದ್ದರೆ ಆಯಿತು. 15 ಹರಿವುಗಳಿಂದ ಇಂಥ ತ್ರಿವಳಿಗಳು 680 ಆಗುತ್ತವೆ. ಎಲ್ಲಕ್ಕೂ ಉಳಿದ ವಿಸ್ತೀರ್ಣ ಒಮ್ಮೆ ಲೆಕ್ಕಹಾಕಿ ಕೋಷ್ಟಕ ಮಾಡಿಟ್ಟುಕೊಂಡರೆ 20 ವರ್ಷದ ಸರಣಿಯನ್ನು ಪೈಥಾನ್‌ನಲ್ಲಿ ಓಡಿಸುವುದು ನಿಮಿಷಗಳ ಕೆಲಸ. ಎರಡು ಹರಿವುಗಳ ನಡುವಿನ ಅಂಕಿ ಬೇಕಾದಾಗ ವಿಸ್ತೀರ್ಣದ ನಡುಮೌಲ್ಯ ಹಿಡಿಯಬೇಡಿ. ಪ್ರತಿ ಸೆಲ್‌ನ ಆಳ, ವೇಗಗಳ ನಡುಮೌಲ್ಯ ತೆಗೆದು ಯೋಗ್ಯತೆಯನ್ನು ಹೊಸದಾಗಿ ಹಾಕಿ. ಕನಿಷ್ಠವನ್ನು 15 ನಿಮಿಷದ ಅಂಕಿಯಿಂದಲೇ ತೆಗೆಯಿರಿ. ದಿನದ ಸರಾಸರಿಯಿಂದ ತೆಗೆದ ಕನಿಷ್ಠ ಮೊಟ್ಟೆಯನ್ನು ಕಾಗದದ ಮೇಲೆ ಮಾತ್ರ ಬದುಕಿಸುತ್ತದೆ.

ತಳ ಕದಡುವ ಲೆಕ್ಕಕ್ಕೆ ಶೀಲ್ಡ್ಸ್ ಸಂಖ್ಯೆ, ಅಂದರೆ ಕಲ್ಲನ್ನು ಎಳೆಯುವ ನೀರಿನ ಬಲಕ್ಕೂ ಅದನ್ನು ಹಿಡಿದಿಡುವ ತೂಕಕ್ಕೂ ಇರುವ ಅನುಪಾತ. ನಡುಗಾತ್ರ 60 ಮಿಲಿಮೀಟರ್ ಇರುವ ಕಲ್ಲಿಗೆ 0.045ರ ಮಿತಿಯಲ್ಲಿ ಕತ್ತರಿ ಒತ್ತಡ (ನೀರು ತಳವನ್ನು ಉಜ್ಜಿ ಎಳೆಯುವ ಒತ್ತಡ) ಚದರ ಮೀಟರಿಗೆ ಸುಮಾರು 44 ನ್ಯೂಟನ್. ಇಳಿಜಾರು 0.003 ಆದರೆ ಸುಮಾರು 1.5 ಮೀಟರ್ ಆಳದ ನೀರು ಆ ಕಲ್ಲನ್ನು ಉರುಳಿಸತೊಡಗುತ್ತದೆ. ಮಾದರಿಯ ವೇಗದಿಂದ ಒತ್ತಡ ತೆಗೆಯುವಾಗ ಹೊಂದಿಸಿದ ಒರಟುತನವನ್ನೇ ಬಳಸಿದರೆ ತಪ್ಪಾಗುತ್ತದೆ, ಅದರಲ್ಲಿ ದಿಬ್ಬ, ಬಂಡೆ, ತಿರುವಿನ ತಡೆಯೆಲ್ಲ ಸೇರಿದೆ. ಕಲ್ಲಿನ ಮೇಲೆ ಬೀಳುವ ಪಾಲು ಮಾತ್ರ ಬೇಕು. ಮೀಟರಿನಲ್ಲಿ ಬರೆದ ನಡುಗಾತ್ರದ ಆರನೇ ಮೂಲವನ್ನು 21ರಿಂದ ಭಾಗಿಸಿ, 60 ಮಿಲಿಮೀಟರ್‌ಗೆ 0.030 ಬರುತ್ತದೆ. 0.045 ಇದ್ದಲ್ಲಿ 0.030 ಹಾಕಿದರೆ ಒತ್ತಡ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕಲ್ಲು ಉರುಳುವ ಮೊದಲೇ ಸಂದಿನ ಮೊಟ್ಟೆ ಏಳಬಹುದಾದ್ದರಿಂದ ಮಿತಿಯನ್ನು 0.03ಕ್ಕೆ ಇಳಿಸಿಟ್ಟುಕೊಳ್ಳುವುದು ಜಾಣತನ.

ಈಜಲು ಕಲಿತ ಮೇಲೂ ಮರಿಗೆ ನೀರಂಚೇ ಮನೆ. ಇಳಿಜಾರು ಶೇಕಡ 2 ಇರುವ ದಿಬ್ಬದಲ್ಲಿ ಒಂದು ಗಂಟೆಯಲ್ಲಿ 30 ಸೆಂಟಿಮೀಟರ್ ನೀರಿಳಿದರೆ ಅಂಚು 15 ಮೀಟರ್ ಹಿಂದೆ ಸರಿಯುತ್ತದೆ. ಮುಖ್ಯ ಹರಿವಿನಿಂದ ತುಂಡಾಗುವ ಕುಣಿಗಳನ್ನು ಪ್ರತಿ ಹರಿವಿನ ನಕ್ಷೆಯಲ್ಲೂ ಗುರುತಿಸಿ ವಿಸ್ತೀರ್ಣ ಬರೆದಿಡಿ.

ನದಿಯಲ್ಲಿ ಪರೀಕ್ಷೆ

ಮುಂಗಾರು ತಗ್ಗಿ ನೀರು ತಿಳಿಯಾದ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಮಾದರಿ ಹೆಚ್ಚು ಉಳಿದಿದೆ ಎಂದ ತಾಣಗಳನ್ನೂ ಏನೂ ಉಳಿದಿಲ್ಲ ಎಂದ ತಾಣಗಳನ್ನೂ ಸಮಸಂಖ್ಯೆಯಲ್ಲಿ ಆರಿಸಿ, ಅಂಚಿನಲ್ಲಿ ಮರಿಗಳನ್ನು ಹುಡುಕಿ. ಹುಡುಕುವವರಿಗೆ ಯಾವುದು ಯಾವುದೆಂದು ಹೇಳಬೇಡಿ. ಸಣ್ಣ ಮರಿಯಲ್ಲಿ ಗೂನು ಇರುವುದಿಲ್ಲ, ಎರಡು ಮಹಶೀರ್‌ಗಳನ್ನು ಬೇರ್ಪಡಿಸಲು ರೆಕ್ಕೆಯ ಚೂರಿನಿಂದ ಡಿಎನ್‌ಎ ನೋಡಬೇಕು. ಅದಕ್ಕೆ ಅನುಮತಿಯೂ ಬೇಕು. ಮೊಟ್ಟೆಯ ಕಾಲದಲ್ಲಿ ಗರಸಿನ ಮೇಲೆ ನಡೆದು ಹುಡುಕುವುದು ಬೇಡವೇ ಬೇಡ.

ನೀರು ಬಿಡುವವರಿಗೆ ಕೊಡುವ ಹಾಳೆ

2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನದಿಗಳಲ್ಲಿ ಬೇಸಿಗೆಯ ಸರಾಸರಿ ಹರಿವಿನ ಶೇಕಡ 15–20 ಉಳಿಸಬೇಕೆಂದಿತು. ಬೇಸಿಗೆಗೆ ಅದು ಬೇಕು, ಮುಂಗಾರಿನ ಮೊಟ್ಟೆಯನ್ನು ಅದು ಮುಟ್ಟುವುದಿಲ್ಲ. ಇಲ್ಲಿ ಕಾವೇರಿ ತೀರ್ಪಿನ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ವರ್ಷಕ್ಕೆ 177.25 ಟಿಎಂಸಿ ಬಿಳಿಗುಂಡ್ಲು ದಾಟಬೇಕು, ಅದರಲ್ಲಿ ಜುಲೈ ಪಾಲು 31.24, ಆಗಸ್ಟ್ ಪಾಲು 45.95 ಟಿಎಂಸಿ. ಒಂದು ಟಿಎಂಸಿ ಎಂದರೆ ಒಂದು ದಿನ ಪೂರ್ತಿ ಹರಿದ 11,574 ಕ್ಯೂಸೆಕ್. ಅಂದರೆ ಜುಲೈನಲ್ಲಿ ಸರಾಸರಿ 11,700, ಆಗಸ್ಟ್‌ನಲ್ಲಿ 17,200 ಕ್ಯೂಸೆಕ್ ಹೇಗೂ ಈ ಪಾತ್ರದಲ್ಲಿ ಹರಿಯಬೇಕಾದದ್ದು. ಕೇಳಬೇಕಾದದ್ದು ಹೆಚ್ಚು ನೀರಲ್ಲ, ಇದೇ ನೀರು ಹರಿಯುವ ಬಗೆ. ಒಂದು ವಾರ 25,000, ಮುಂದಿನ ವಾರ 3,000 ಎಂದು ಬಿಟ್ಟರೂ ತಿಂಗಳ ಲೆಕ್ಕ ಕೂಡಿಬರುತ್ತದೆ, ಪಕ್ಕದ ಕವಲಿನ ಮೊಟ್ಟೆ ಉಳಿಯುವುದಿಲ್ಲ. ಒಂದೇ ಮಾಸಿಕ ಮೊತ್ತಕ್ಕೆ ನಾಲ್ಕೈದು ಬಗೆಯ ಬಿಡುಗಡೆ ಬರೆದು, ಪ್ರತಿಯೊಂದಕ್ಕೂ ಉಳಿದ ವಿಸ್ತೀರ್ಣವನ್ನು ಕೋಷ್ಟಕದಿಂದ ತೆಗೆದು ಪಕ್ಕಪಕ್ಕ ಇಡಿ.

ಹಾಳೆಯಲ್ಲಿ ಕ್ಯೂಮೆಕ್ (ಸೆಕೆಂಡಿಗೆ ಒಂದು ಘನ ಮೀಟರ್) ಬೇಡ, ಕ್ಯೂಸೆಕ್ಕೇ ಇರಲಿ. ಒಂದು ಕ್ಯೂಮೆಕ್‌ಗೆ 35.31 ಕ್ಯೂಸೆಕ್. ಬಿಳಿಗುಂಡ್ಲುವಿನ ಅಂಕಿಯನ್ನು ಕೆಆರ್‌ಎಸ್ ಮತ್ತು ಕಬಿನಿಯ ಗೇಟುಗಳ ಅಂಕಿಗೆ ಇಳಿಸಿ, ನೀರು ಬಂದು ಮುಟ್ಟುವ ಸಮಯವನ್ನು ನಿಮ್ಮ ಲಾಗರ್‌ಗಳಿಂದಲೇ ತೆಗೆದು ಸೇರಿಸಿ. ಇಳಿಸುವ ಗತಿಯನ್ನು ಗಂಟೆಗೆ ಇಷ್ಟು ಸೆಂಟಿಮೀಟರ್ ಎಂದಲ್ಲ, ಗೇಟ್ ನಡೆಸುವವರಿಗೆ ಅರ್ಥವಾಗುವಂತೆ ಎಷ್ಟು ಗಂಟೆಗೊಮ್ಮೆ ಎಷ್ಟು ಕ್ಯೂಸೆಕ್ ಕಡಿತ ಎಂದು ಬರೆಯಿರಿ. ಹೆಚ್ಚುವರಿ ನೀರು ಕೇಳಲೇಬೇಕಾದರೆ ಅದನ್ನೂ ಟಿಎಂಸಿಯಲ್ಲಿ ಹೇಳಿ: ಕವಲಿನ ಹೊಸ್ತಿಲು ಒದ್ದೆಯಾಗಿರಲು 12 ದಿನ 500 ಕ್ಯೂಸೆಕ್ ಬೇಕಾದರೆ ಅದು 0.52 ಟಿಎಂಸಿ. ದೊಡ್ಡ ಪ್ರವಾಹ ಹೋದ ವರ್ಷ ಹೊಸ್ತಿಲುಗಳನ್ನು ಮತ್ತೆ ಅಳೆದು, ಹಾಳೆಯ ಮೇಲೆ ಅಳತೆಯ ತಿಂಗಳು, ವರ್ಷ ನಮೂದಿಸಿಯೇ ಕೊಡಿ.